ಹೇಗಿದ್ದೀರಿ ಎಂದು ಕೇಳುವ ಶಾಸ್ತ್ರ

ವೈದ್ಯಶಾಸ್ತ್ರದ ವಿಷಯವಾಗಿ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐಚ್ಛಿಕ ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ ನಾನು. ಕ್ಯಾನ್ಸರ್ ಚಿಕಿತ್ಸೆಯ ಸಂಶೋಧನೆಯ ಮೇಲೆ ಲೇಖನ ಕೊಡುತ್ತೇನೆಂದು ಸಂಪಾದಕ ಮಂಡಳಿಯ ಮುಂದೆ ಹೇಳಿದಾಗ ನಮ್ಮ ಅಧ್ಯಾಪಕರೊಬ್ಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಅಲ್ಲಯ್ಯ, ಅದನ್ನು ವಿಜ್ಞಾನ ಕಾಲೇಜಿನವರು ಬರೆಯಲಿ, ನೀನು ರನ್ನನ ಮೇಲೆ ಬರೆ" ಎಂದರು. ರನ್ನನ ಮೇಲೆ ಬರೆಯಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ಈ ವಿಷಯದ ಮೇಲೆ ಬರೆಯಬೇಕಾದವನು ಮಾತ್ರ ನಾನೊಬ್ಬನೇ ಎಂದು ನನಗೆ ತೋರಿತು. ಏಕೆಂದರೆ, ಈ ಶಾಸ್ತ್ರದ ಒಂದು ಭಾಗವು ವಿಜ್ಞಾನ ಕಾಲೇಜಿಗೆ ಸೇರಿದುದಲ್ಲ, ನಮ್ಮ ಕನ್ನಡ ವಿಭಾಗಕ್ಕೇ ಸೇರಿದುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಹೇಗೆಂಬುದನ್ನು ವಾಚಕ ಮಹಾಶಯರು ಮುಂದೆ ನೋಡಬಹುದು.

ಎರಡು ವರ್ಷಗಳ ಹಿಂದೆ ನನ್ನ ದೊಡ್ಡಮ್ಮನಿಗೆ ಸ್ತನದ ಕ್ಯಾನ್ಸರ್ ಇದೆಯೆಂದು ತಿಳಿದುಬಂತು. ಶಸ್ತ್ರಚಿಕಿತ್ಸೆಯಾಯಿತು. ಅದಾದ ಮೇಲೆ ಔಷಧ ಚಿಕಿತ್ಸೆ. ಮೊದಲ ನಾಲ್ಕು ಸಲ ಮೂರು ವಾರಗಳಿಗೊಮ್ಮೆ ಒಂದು ಕೆಂಪು ಔಷಧ. ದಾದಿಯರೂ ಅದನ್ನು ಕೆಂಪು ಔಷಧವೆಂದೇ ಕರೆಯುತ್ತಿದ್ದರು. ಆ ಬಳಿಕ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಔಷಧ, ವಾರಕ್ಕೊಮ್ಮೆಯಂತೆ ಹನ್ನೆರಡು ವಾರ. ಅವಳ ಮಗ ದೂರದ ಊರಿನಲ್ಲಿ ಕೆಲಸದಲ್ಲಿರುವುದರಿಂದ, ಬೆಳಗಿನ ಮೊದಲನೆಯ ಬಸ್ಸಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಾತ್ರಿ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಹಾಜರಿ ಕಡಿಮೆಯಾದುದಕ್ಕೆ ಕಾರಣವೇನೆಂದು ಕೇಳಿದ್ದ ಅಧ್ಯಾಪಕರಿಗೆ ಇದೇ ಉತ್ತರವೆಂದು ಈಗ ವಿನಯಪೂರ್ವಕವಾಗಿ ತಿಳಿಸುತ್ತೇನೆ.

ಪ್ರತಿ ವಾರವೂ ವೈದ್ಯರು ಕೇಳುತ್ತಿದ್ದರು, "ಹೇಗಿದೀರಮ್ಮ?" ಪ್ರತಿ ವಾರವೂ ದೊಡ್ಡಮ್ಮ ಹೇಳುತ್ತಿದ್ದಳು, "ಚೆನ್ನಾಗಿದೀನಿ ಸಾರ್." ಪ್ರಶ್ನೋತ್ತರ ಅಷ್ಟಕ್ಕೆ ಮುಗಿಯುತ್ತಿತ್ತು. ಹೊರಗೆ ಅರುವತ್ತು ಎಪ್ಪತ್ತು ಜನ ಕಾಯುತ್ತಿರುವಾಗ ವೈದ್ಯರಾದರೂ ಇನ್ನೇನು ಮಾಡಿಯಾರು? ಅವರನ್ನು ನಾನು ದೂರುವುದಿಲ್ಲ. ಒಂಬತ್ತನೆಯ ವಾರ ಮುಗಿಸಿಕೊಂಡು ಬಂದ ರಾತ್ರಿ ಬಸ್ ನಿಲ್ದಾಣದಿಂದ ಮನೆಗೆ ನಡೆದು ಬಂದೆವು. ಬಾಗಿಲಲ್ಲಿ ದೀಪದ ಬೆಳಕಿಗೆ ನೋಡಿದರೆ ಅವಳ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು. ಇನ್ನೊಂದು ದಾರಿಯಲ್ಲಿ ಎಲ್ಲೋ ಕಳಚಿಹೋಗಿತ್ತು. ಬರಿಗಾಲಿನಲ್ಲಿ ಜಲ್ಲಿಕಲ್ಲಿನ ಮೇಲೆ ನಡೆದು ಬಂದಿದ್ದರೂ ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. ಪಾದದಲ್ಲಿ ರಕ್ತ ಬಂದಿತ್ತು.

ಆಗ ಕೇಳಿದೆ. ಒಂದು ತಿಂಗಳಿಂದಲೂ ಅಂಗಾಲು ಬೆರಳುಗಳು ಮರಗಟ್ಟಿವೆಯೆಂದೂ, ಹಾಲಿನ ಪಾತ್ರೆ ಎರಡು ಸಲ ಕೈಜಾರಿ ಬಿತ್ತೆಂದೂ ಹೇಳಿದಳು. ಅವಳು ಹೂ ಕಟ್ಟುವುದನ್ನು ನಿಲ್ಲಿಸಿದ್ದುದನ್ನು ನಾನು ಗಮನಿಸಿದ್ದೆ. ಮನಸ್ಸಿನ ಬೇಸರದಿಂದ ನಿಲ್ಲಿಸಿದ್ದಾಳೆಂದು ಭಾವಿಸಿದ್ದೆ. ದಾರ ಬೆರಳಿಗೆ ತಗುಲುವುದೇ ತಿಳಿಯುತ್ತಿರಲಿಲ್ಲವಂತೆ. "ಡಾಕ್ಟ್ರಿಗೆ ಯಾಕೆ ಹೇಳಲಿಲ್ಲ ದೊಡ್ಡಮ್ಮ?" ಎಂದರೆ, "ಹೇಳಿದ್ರೆ ಔಷಧಿ ನಿಲ್ಲಿಸ್ಬಿಡ್ತಾರಲ್ಲ ಮಗ, ಆಮೇಲೆ ಗಡ್ಡೆ ತಿರುಗಿ ಬಂದ್ರೆ?" ಎಂದಳು. ಮರುವಾರ ನಾನೇ ಹೇಳಿದೆ. ವೈದ್ಯರು ಔಷಧದ ಪ್ರಮಾಣವನ್ನು ಇಳಿಸಿದರು. ಇದು ಮೊದಲೇ ತಿಳಿದಿದ್ದರೆ ಒಳ್ಳೆಯದಿತ್ತು ಎಂದಷ್ಟೇ ಹೇಳಿದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆ ಮಾತಿನ ಬೆನ್ನು ಹತ್ತಿಯೇ ನಾನು ಈ ವಿಷಯವನ್ನು ಓದತೊಡಗಿದುದು.

ಇಂಥ ತೊಂದರೆಗಳನ್ನು ಈಗ 'ಅಡ್ಡ ಪರಿಣಾಮ' ಎಂದು ಕರೆಯುವುದು ರೂಢಿ. ಈ ಪದವೇ ನನಗೆ ಹಿಡಿಸದು. ವೈದ್ಯನ ದೃಷ್ಟಿ ಗಡ್ಡೆಯ ಮೇಲಿರುವುದರಿಂದ ಉಳಿದುದೆಲ್ಲ ಅವನಿಗೆ ಅಡ್ಡವಾಗಿ ಕಾಣಬಹುದು. ರೋಗಿಗೆ ವಾಂತಿಯೇ ನೇರ, ಗಡ್ಡೆಯೇ ಅಡ್ಡ. ಗಡ್ಡೆಯನ್ನು ಕುಗ್ಗಿಸುವ ಹೊಸ ಔಷಧದ ಸುದ್ದಿ ಪತ್ರಿಕೆಗಳ ಮೊದಲ ಪುಟದಲ್ಲಿ ಬರುತ್ತದೆ. ವಾಂತಿಯನ್ನು ನಿಲ್ಲಿಸಿದವನ ಹೆಸರನ್ನು ನಮ್ಮಲ್ಲಿ ಯಾರಾದರೂ ಕೇಳಿದ್ದೇವೆಯೆ? ನನ್ನ ವಾದವಿಷ್ಟೆ: ಈ ಎರಡನೆಯ ಬಗೆಯ ಸಂಶೋಧನೆ ಮೊದಲನೆಯದಕ್ಕಿಂತ ಕಿರಿದಲ್ಲ, ನಮ್ಮ ದೇಶದಲ್ಲಂತೂ ಅದಕ್ಕೆ ಮೊದಲ ಮಣೆ ಸಲ್ಲಬೇಕು.

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಫ್ಯಾನಿ ಬರ್ನಿಯ ಹೆಸರನ್ನು ಕೇಳಿರುತ್ತಾರೆ. ಆಕೆ ಕಾದಂಬರಿಕಾರ್ತಿ. ೧೮೧೧ರಲ್ಲಿ ಪ್ಯಾರಿಸಿನಲ್ಲಿದ್ದಾಗ ಅವಳ ಸ್ತನವನ್ನು ಕ್ಯಾನ್ಸರ್ ಎಂಬ ಕಾರಣದಿಂದ ಕತ್ತರಿಸಿ ತೆಗೆದರು. ಶಸ್ತ್ರಚಿಕಿತ್ಸಕರಲ್ಲಿ ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ವೈದ್ಯ ಲಾರೆ ಇದ್ದ. ಮತಿ ತಪ್ಪಿಸುವ ಔಷಧ ಆಗ ಇನ್ನೂ ಬಂದಿರಲಿಲ್ಲ. ಮುಖದ ಮೇಲೆ ಹಾಸಿದ ತೆಳುವಾದ ಬಟ್ಟೆಯ ಮೂಲಕ ಅವಳಿಗೆ ಕತ್ತಿಯ ಹೊಳಪು ಕಾಣುತ್ತಿತ್ತು. ಈ ಅನುಭವವನ್ನು ಅವಳು ತನ್ನ ಅಕ್ಕನಿಗೆ ಪತ್ರದಲ್ಲಿ ಬರೆದಳು. ಆ ಒಂದು ಪತ್ರವನ್ನು ಬರೆದು ಮುಗಿಸಲು ಅವಳಿಗೆ ತಿಂಗಳುಗಳೇ ಹಿಡಿದುವು. ೧೮೪೦ರವರೆಗೆ ಬದುಕಿದ್ದಳು. ಚಿಕಿತ್ಸೆ ಫಲಿಸಿತೆಂದು ವೈದ್ಯರ ಲೆಕ್ಕದಲ್ಲಿ ಒಂದು ಸಾಲು ಬರೆದರೆ ಮುಗಿಯುತ್ತದೆ. ಆ ಸಾಲಿನಲ್ಲಿ ಇರದ ಸಂಗತಿಯೆಲ್ಲ ಈ ಪತ್ರದಲ್ಲಿದೆ. ರೋಗಿಯ ಬಾಯಿಂದಲೇ ಚಿಕಿತ್ಸೆಯ ವರದಿಯನ್ನು ಪಡೆಯಬೇಕು ಎಂಬುದನ್ನು ವೈದ್ಯಶಾಸ್ತ್ರ ಒಪ್ಪಿಕೊಳ್ಳುವುದಕ್ಕೆ ಅಲ್ಲಿಂದ ಮುಂದೆ ಇನ್ನೂರು ವರ್ಷಗಳು ಬೇಕಾದುವು.

ನಡುವಿನ ಕಥೆಯನ್ನು ಸ್ವಲ್ಪ ನೋಡೋಣ. ೧೮೯೦ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹಾಲ್‌ಸ್ಟೆಡ್ ಎಂಬ ಮಹಾ ಶಸ್ತ್ರವೈದ್ಯ ಸ್ತನವನ್ನು ಮಾತ್ರವಲ್ಲದೆ ಅದರ ಹಿಂದಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುವ ಪದ್ಧತಿಯನ್ನು ಪ್ರಚಾರಕ್ಕೆ ತಂದ. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಕ್ಷೇಮ ಎಂಬ ನಂಬಿಕೆ ಮುಕ್ಕಾಲು ಶತಮಾನ ಆಳಿತು. ಆ ಶಸ್ತ್ರಚಿಕಿತ್ಸೆಯಾದ ಹೆಂಗಸರ ಎದೆ ಗುಳಿಬಿದ್ದು, ತೋಳು ಬಾತು, ಕೈಯೆತ್ತಿ ತಲೆ ಬಾಚಿಕೊಳ್ಳುವುದೂ ಕಷ್ಟವಾಗುತ್ತಿತ್ತು. ಇದರ ಅಗತ್ಯವಿದೆಯೆ ಎಂದು ಕೇಳಿದವನು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್. ಕೇಳಿದುದಷ್ಟೇ ಅಲ್ಲ, ೧೯೭೧ರಲ್ಲಿ ಪ್ರಯೋಗಕ್ಕೇ ಇಳಿದ. ಯಾರಿಗೆ ದೊಡ್ಡ ಶಸ್ತ್ರಚಿಕಿತ್ಸೆ, ಯಾರಿಗೆ ಸಣ್ಣದು ಎಂಬುದನ್ನು ವೈದ್ಯನ ಇಚ್ಛೆಗೂ ಬಿಡದೆ, ರೋಗಿಯ ಇಚ್ಛೆಗೂ ಬಿಡದೆ, ನಾಣ್ಯ ಚಿಮ್ಮಿದಂತೆ ಅದೃಷ್ಟಕ್ಕೆ ಬಿಟ್ಟು, ವರ್ಷಗಟ್ಟಲೆ ಎರಡೂ ಗುಂಪಿನವರನ್ನು ಗಮನಿಸುತ್ತ ಬಂದ. ೨೦೦೨ರಲ್ಲಿ ಇಪ್ಪತ್ತೈದು ವರ್ಷಗಳ ಫಲಿತಾಂಶ ಪ್ರಕಟವಾಯಿತು. ಬದುಕಿ ಉಳಿದವರ ಪ್ರಮಾಣದಲ್ಲಿ ಎರಡೂ ಗುಂಪುಗಳಿಗೆ ಗಣನೀಯವಾದ ಅಂತರವಿರಲಿಲ್ಲ. ಎಷ್ಟು ಜನ ಹೆಂಗಸರು ಯಾವ ಪ್ರಯೋಜನವೂ ಇಲ್ಲದೆ ಎದೆಯ ಸ್ನಾಯುಗಳನ್ನು ಕಳೆದುಕೊಂಡರು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದವರು ದುಷ್ಟರಲ್ಲ. ಬಹುಮಂದಿ ಸಜ್ಜನರು, ಶ್ರದ್ಧಾವಂತರು. ಪರೀಕ್ಷಿಸಿ ನೋಡಿರಲಿಲ್ಲ, ಅಷ್ಟೆ.

ಔಷಧಗಳ ಕಥೆಯೂ ಹೀಗೆಯೇ. ೧೯೪೮ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಹದಿನಾರು ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧ ಕೊಟ್ಟು, ಹತ್ತು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದುದನ್ನು ವರದಿ ಮಾಡಿದ. ಆ ಔಷಧ ತಯಾರಾದುದು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಪ್ರಯೋಗಶಾಲೆಯಲ್ಲಿ ಎಂಬುದನ್ನು ಎಷ್ಟು ಜನ ಬಲ್ಲರು? ೧೯೬೫ರಲ್ಲಿ ರೋಸೆನ್‌ಬರ್ಗ್ ಎಂಬಾತ ಪ್ಲಾಟಿನಂ ಲೋಹದ ಸಂಯುಕ್ತವೊಂದು ಜೀವಕೋಶಗಳು ಒಡೆದು ಎರಡಾಗುವುದನ್ನು ತಡೆಯುತ್ತದೆಂದು ಆಕಸ್ಮಿಕವಾಗಿ ಕಂಡುಕೊಂಡ. ಸಿಸ್‌ಪ್ಲಾಟಿನ್ ಎಂಬ ಪ್ರಬಲ ಔಷಧ ಬಂದುದು ಅದರಿಂದ. ಆದರೆ ಅದನ್ನು ಕೊಟ್ಟರೆ ಬರುವ ವಾಂತಿ ಸಾಮಾನ್ಯವಾದುದಲ್ಲ. ಎರಡು ಮೂರು ಸಲ ಚಿಕಿತ್ಸೆಯಾದವರಿಗೆ ಆಸ್ಪತ್ರೆಯ ಬಾಗಿಲು ಕಂಡೊಡನೆಯೇ, ಔಷಧ ಮೈಗೆ ಸೇರುವ ಮೊದಲೇ, ವಾಂತಿ ಆರಂಭವಾಗುವುದುಂಟು. ಇದರ ಭಯದಿಂದಲೇ ಗುಣವಾಗಬಹುದಾದ ರೋಗವನ್ನು ಇಟ್ಟುಕೊಂಡು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಹೋದವರಿದ್ದರು. ನಮ್ಮ ಕಡೆ ಅಂಥವರು ನಾಟಿ ಔಷಧದವರ ಮನೆಯ ಮುಂದೆ ಸಾಲುಗಟ್ಟಿ ನಿಲ್ಲುವುದನ್ನು ನಾವು ಇಂದಿಗೂ ನೋಡುತ್ತೇವೆ. ಅವರನ್ನು ಮೂಢರೆಂದು ಬಯ್ಯುವವರು ಒಂದು ಸಲವಾದರೂ ಆ ವಾಂತಿಯ ಪಕ್ಕದಲ್ಲಿ ಬಟ್ಟಲು ಹಿಡಿದು ಕುಳಿತುಕೊಳ್ಳಬೇಕು.

೧೯೮೧ರಲ್ಲಿ ಹೊಟ್ಟೆ ತೊಳಸುವುದಕ್ಕೆ ಕೊಡುವ ಸಾಧಾರಣ ಔಷಧವೊಂದನ್ನೇ ಬಹು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಪರೀಕ್ಷಿಸಿದಾಗ ಸಿಸ್‌ಪ್ಲಾಟಿನ್ನಿನ ವಾಂತಿಯೂ ತಗ್ಗುತ್ತದೆಂದು ತಿಳಿಯಿತು. ಏಕೆ ತಗ್ಗುತ್ತದೆ ಎಂದು ಹುಡುಕುತ್ತ ಹೋದವರಿಗೆ ಕರುಳಿನ ಕೋಶಗಳು ಹೊರಬಿಡುವ ಸೆರೊಟೋನಿನ್ ಎಂಬ ದ್ರವ್ಯದ ಪಾತ್ರ ಕಂಡಿತು. ಅದಕ್ಕೆ ತಡೆಯೊಡ್ಡುವ ಒಂಡಾನ್‌ಸೆಟ್ರಾನ್ ೧೯೯೧ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಈಗ ಅದು ನಮ್ಮ ಊರಿನ ಔಷಧದ ಅಂಗಡಿಯಲ್ಲೂ ಸಿಗುತ್ತದೆ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿಗೂ ಕೊಡುತ್ತಾರೆ. ವಾಂತಿ ನಿಂತಿತು, ಆದರೆ ಸಂಕಟ ನಿಲ್ಲಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದು ದೊಡ್ಡಮ್ಮನಿಗೆ ಗೊತ್ತಿತ್ತು: "ಕಕ್ಕಿಬಿಟ್ರೆ ವಾಸಿ ಮಗ, ಈ ತೊಳಸೋದೇ ಆಗೋಲ್ಲ." ಸಂಕಟಕ್ಕೆ ಮದ್ದು ಸಿಕ್ಕಿದುದು ಯಾರೂ ನಿರೀಕ್ಷಿಸದ ಕಡೆ, ಮನೋರೋಗದ ಔಷಧಗಳ ಕಪಾಟಿನಲ್ಲಿ. ಒಲಾಂಜಪೀನ್ ಎಂಬ ಆ ಮಾತ್ರೆಯನ್ನು ೩೮೦ ರೋಗಿಗಳ ಮೇಲೆ ಪರೀಕ್ಷಿಸಿದ ಅಮೆರಿಕದ ಅಧ್ಯಯನ ೨೦೧೬ರಲ್ಲಿ ಪ್ರಕಟವಾಯಿತು. ಮೊದಲ ದಿನ ಸಂಕಟವೇ ಇಲ್ಲದಿದ್ದವರು ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ೭೪. ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ೪೫.

ಇಲ್ಲಿಂದ ಮುಂದಿನದು ನನಗೆ ಬಹಳ ಪ್ರಿಯವಾದ ಭಾಗ. ಆ ಅಧ್ಯಯನದಲ್ಲಿ ಕೊಟ್ಟುದು ದಿನಕ್ಕೆ ಹತ್ತು ಮಿಲಿಗ್ರಾಂ. ಅದನ್ನು ತೆಗೆದುಕೊಂಡವರಿಗೆ ಹಗಲೆಲ್ಲ ತೂಕಡಿಕೆ. ಮನೆಯಲ್ಲಿ ಅಡಿಗೆ ಮಾಡಬೇಕಾದ, ಮಗುವನ್ನು ನೋಡಿಕೊಳ್ಳಬೇಕಾದ, ಎರಡು ಬಸ್ ಬದಲಾಯಿಸಿ ಊರು ಸೇರಬೇಕಾದ ಹೆಂಗಸು ತೂಕಡಿಸುತ್ತಿದ್ದರೆ ಹೇಗೆ? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಹತ್ತರ ಬದಲು ಎರಡೂವರೆ ಮಿಲಿಗ್ರಾಂ ಸಾಲದೆ ಎಂದು ಕೇಳಿದರು. ಎರಡು ಪ್ರಮಾಣಗಳನ್ನೂ ಅದೃಷ್ಟದ ಹಂಚಿಕೆಯಿಂದ ಕೊಟ್ಟು ಹೋಲಿಸಿದರು. ೨೦೨೪ರಲ್ಲಿ ಅವರ ಫಲಿತಾಂಶ ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಬಂತು. ವಾಂತಿಯನ್ನು ತಡೆಯುವುದರಲ್ಲಿ ಸಣ್ಣ ಪ್ರಮಾಣ ದೊಡ್ಡದಕ್ಕಿಂತ ಹಿಂದೆ ಬೀಳಲಿಲ್ಲ; ತೂಕಡಿಕೆ ಬಹಳ ಕಡಿಮೆಯಾಯಿತು. ಕಾಲು ಭಾಗದ ಮಾತ್ರೆ ಸಾಕು ಎಂದು ಸಾಧಿಸಿ ತೋರಿಸುವುದರಿಂದ ಯಾವ ಔಷಧ ಕಂಪನಿಗೆ ಲಾಭ? ಆದುದರಿಂದಲೇ ಇಂಥ ಪ್ರಶ್ನೆಯನ್ನು ಸಾರ್ವಜನಿಕ ಆಸ್ಪತ್ರೆಯವರೇ ಕೇಳಬೇಕು.

ದೆಹಲಿಯ ಏಮ್ಸ್ ಆಸ್ಪತ್ರೆಯಿಂದ ಅದೇ ವರ್ಷ ಬಂದ ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ಕ್ಯಾಪೆಸಿಟಬೀನ್ ಎಂಬ ಮಾತ್ರೆಯನ್ನು ತೆಗೆದುಕೊಳ್ಳುವವರಿಗೆ ಅಂಗೈ ಅಂಗಾಲು ಕೆಂಪೇರಿ, ಉರಿದು, ಚರ್ಮ ಸುಲಿಯುತ್ತದೆ. ಪಾತ್ರೆ ತೊಳೆಯುವುದು, ನಡೆಯುವುದು, ಗುಂಡಿ ಹಾಕಿಕೊಳ್ಳುವುದು ಎಲ್ಲವೂ ಯಾತನೆ. ಒಂದು ಬಗೆಯ ನೋವಿನ ಮಾತ್ರೆಯಿಂದ ಇದನ್ನು ತಡೆಯಬಹುದೆಂದು ತಿಳಿದಿತ್ತಾದರೂ, ಅದನ್ನು ಬಹುಕಾಲ ನುಂಗಿದರೆ ಹೃದಯಕ್ಕೆ ಅಪಾಯವೆಂಬ ಅಂಜಿಕೆಯೂ ಇತ್ತು. ಹಾಗಾದರೆ ಹೊಟ್ಟೆಗೆ ಬೇಡ, ಕೈಗೇ ಹಚ್ಚಿ ನೋಡೋಣವೆಂದರು. ಬೆನ್ನು ಮಂಡಿ ನೋವಿಗೆ ನಾವು ಹಚ್ಚಿಕೊಳ್ಳುವ ಅದೇ ಡೈಕ್ಲೋಫಿನಾಕ್ ಮುಲಾಮು! ೨೬೪ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಅದನ್ನೂ ಉಳಿದವರಿಗೆ ಔಷಧವಿಲ್ಲದ ಮುಲಾಮನ್ನೂ ಕೊಟ್ಟರು. ಹಚ್ಚಿಕೊಂಡವರಲ್ಲಿ ಜೋರಾದ ತೊಂದರೆ ಕಂಡುದು ನೂರಕ್ಕೆ ೩.೮ ಜನರಲ್ಲಿ, ಇನ್ನೊಂದು ಗುಂಪಿನಲ್ಲಿ ನೂರಕ್ಕೆ ೧೫. ಅಗ್ಗದ ಮುಲಾಮಿನಿಂದ ಇಷ್ಟು ಸಾಧ್ಯವಾಗುವುದಾದರೆ, ಕೇಳದೆ ಬಿಟ್ಟಿರುವ ಇಂಥ ಪ್ರಶ್ನೆಗಳು ಇನ್ನೆಷ್ಟಿವೆಯೋ!

ಇಷ್ಟನ್ನು ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಂದು ರಾತ್ರಿ ಹೇಳುತ್ತಿದ್ದಾಗ ಗೆಳೆಯನೊಬ್ಬ ಆಕ್ಷೇಪವೆತ್ತಿದ. ಚರ್ಚಾಕೂಟದಲ್ಲಿ ಬಹುಮಾನ ಪಡೆದವನು, ಸುಲಭವಾಗಿ ಬಿಡುವವನಲ್ಲ. "ಮುಲಾಮು ಹಚ್ಚಿ ನೋಡುವುದಕ್ಕೆ ಇಷ್ಟೆಲ್ಲ ನಾಣ್ಯ ಚಿಮ್ಮುವ ನಾಟಕವೇಕೆ? ಒಳ್ಳೆಯದೆಂದು ತೋರಿದುದನ್ನು ಎಲ್ಲರಿಗೂ ಕೊಟ್ಟರಾಯಿತು. ಅರ್ಧ ಜನಕ್ಕೆ ಬರಿಯ ಮುಲಾಮು ಕೊಡುವುದು ಬಡವರನ್ನು ಪ್ರಯೋಗದ ಇಲಿಗಳನ್ನಾಗಿ ಮಾಡಿದಂತಲ್ಲವೆ?" ಎಂದ.

ಪ್ರಶ್ನೆ ಸರಿಯಾದುದೇ. ದೊಡ್ಡಮ್ಮನ ಕೈಕಾಲಿನ ಜೋಮನ್ನೇ ಉದಾಹರಣೆಯಾಗಿ ತೆಗೆದುಕೊಂಡು ಉತ್ತರ ಹೇಳಿದೆ. ಪ್ಯಾಕ್ಲಿಟ್ಯಾಕ್ಸೆಲ್ಲಿನಿಂದ ನರಗಳಿಗೆ ಆಗುವ ಹಾನಿಯನ್ನು ತಡೆಯಲು ಅಸಿಟೈಲ್ ಕಾರ್ನಿಟಿನ್ ಎಂಬ ಪೋಷಕದ್ರವ್ಯ ಒಳ್ಳೆಯದೆಂದು ಬಹಳ ಜನ ನಂಬಿದ್ದರು. ಅಂಗಡಿಯಲ್ಲಿ ಸಿಗುತ್ತದೆ, ವೈದ್ಯರ ಚೀಟಿಯೂ ಬೇಕಿಲ್ಲ, 'ನರಗಳಿಗೆ ಶಕ್ತಿ' ಎಂದರೆ ಯಾರು ಬೇಡವೆನ್ನುತ್ತಾರೆ? ಅಮೆರಿಕದಲ್ಲಿ ೪೦೯ ಹೆಂಗಸರ ಮೇಲೆ ಕ್ರಮವಾಗಿ ಪರೀಕ್ಷಿಸಿದ ಫಲಿತಾಂಶ ೨೦೧೩ರಲ್ಲಿ ಬಂತು. ಆರು ತಿಂಗಳ ಹೊತ್ತಿಗೆ, ಆ ಪೋಷಕವನ್ನು ತೆಗೆದುಕೊಂಡವರ ಜೋಮು ತೆಗೆದುಕೊಳ್ಳದವರಿಗಿಂತ ಹೆಚ್ಚಾಗಿತ್ತು! ಪರೀಕ್ಷಿಸದೆ 'ಒಳ್ಳೆಯದೆಂದು ತೋರಿದುದನ್ನು' ಕೊಟ್ಟಿದ್ದರೆ ಕೊಟ್ಟವರಿಗೆ ತಾವು ಮಾಡುತ್ತಿರುವ ಕೇಡು ಎಂದೆಂದಿಗೂ ತಿಳಿಯುತ್ತಿರಲಿಲ್ಲ. ಹಾಲ್‌ಸ್ಟೆಡ್ಡನ ಶಿಷ್ಯರಂತೆ ಅವರೂ ಸಜ್ಜನರಾಗಿಯೇ ಉಳಿಯುತ್ತಿದ್ದರು. ಇದಕ್ಕೆ ವಿರುದ್ಧವಾದುದೂ ಉಂಟು. ಜರ್ಮನಿಯ ಒಂದು ಪ್ರಯೋಗದ ವರದಿ ೨೦೨೫ರಲ್ಲಿ ಬಂದಿದೆ. ಔಷಧವನ್ನು ಏರಿಸುವಾಗ ಒಂದು ಕೈಯನ್ನು ತಣ್ಣಗೆ ಇಡುವುದು, ಅಥವಾ ಒಂದಳತೆ ಚಿಕ್ಕದಾದ ಶಸ್ತ್ರಚಿಕಿತ್ಸೆಯ ಕೈಗವಸುಗಳನ್ನು ಎರಡೆರಡು ತೊಡಿಸಿ ಒತ್ತಿ ಹಿಡಿಯುವುದು. ಇನ್ನೊಂದು ಕೈಯನ್ನು ಹಾಗೆಯೇ ಬಿಡುವುದು. ಬಿಗಿದ ಕೈಗೆ ಜೋಮು ಕಡಿಮೆ. ತಣ್ಣಗಿಟ್ಟ ಕೈಗೂ ಹಾಗೆಯೇ. ಎರಡು ಕೈಗವಸುಗಳಿಗೆ ಎಷ್ಟಾದೀತು? ಎಲ್ಲ ಕಡೆಯೂ ಇದು ನಡೆಯುತ್ತದೆಯೆ ಎಂಬುದನ್ನು ಇನ್ನೂ ದೊಡ್ಡದಾಗಿ ನೋಡಬೇಕಾಗಿದೆ. ನಮ್ಮ ಆಸ್ಪತ್ರೆಗಳೂ ನೋಡಲಿ ಎಂದು ನನ್ನ ಆಸೆ.

ಗೆಳೆಯನ ಇನ್ನೊಂದು ಮಾತಿಗೆ, ಎಂದರೆ ಬಡವರ ಮಾತಿಗೆ, ನನ್ನಲ್ಲಿ ಅಷ್ಟು ಚುರುಕಾದ ಉತ್ತರವಿಲ್ಲ. ಕಾನೂನು ಇದೆ. ನೀತಿ ಸಮಿತಿ ಒಪ್ಪಬೇಕು. ಪ್ರಯೋಗವನ್ನು ಸರಕಾರಿ ದಾಖಲೆಯಲ್ಲಿ ಎಲ್ಲರಿಗೂ ಕಾಣುವಂತೆ ನೋಂದಾಯಿಸಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಓದು ಬಾರದವರಾದರೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಯಾವಾಗ ಬೇಕಾದರೂ ಹೊರಬರುವ ಸ್ವಾತಂತ್ರ್ಯ ರೋಗಿಗಿದೆ. ೨೦೧೯ರ ನಿಯಮಗಳಲ್ಲಿ ಪ್ರಯೋಗದಿಂದ ಹಾನಿಯಾದವರಿಗೆ ಪರಿಹಾರವನ್ನೂ ಹೇಳಿದೆ. ಆದರೆ 'ತಿಳಿಯುವ ಭಾಷೆ' ಎಂಬ ಎರಡು ಪದಗಳಲ್ಲಿಯೇ ಎಲ್ಲವೂ ನಿಂತಿದೆ. ಕನ್ನಡ ವಿಭಾಗದ ಪ್ರವೇಶವೂ ಇಲ್ಲಿಯೇ.

ದೊಡ್ಡಮ್ಮನ ಕೆಂಪು ಔಷಧದ ಮೊದಲ ದಿನ, ವಾಂತಿ ತಡೆಯುವ ಔಷಧಗಳನ್ನು ಹೋಲಿಸುವ ಅಧ್ಯಯನವೊಂದಕ್ಕೆ ಸೇರುತ್ತೀರಾ ಎಂದು ಅವಳನ್ನು ಕೇಳಿದ್ದರು. ಕೈಗೆ ಎಂಟು ಪುಟಗಳ ಒಪ್ಪಿಗೆ ಪತ್ರ ಬಂತು. ಕನ್ನಡದಲ್ಲಿಯೇ ಇತ್ತು, ಅಥವಾ ಕನ್ನಡ ಲಿಪಿಯಲ್ಲಿತ್ತು ಎನ್ನೋಣ. 'ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು' ಎಂದಿತ್ತು. 'ಪ್ರತಿಕೂಲ ಘಟನೆಗಳು ಸಂಭವಿಸಿದಲ್ಲಿ' ಎಂದಿತ್ತು. ಪಂಪ ರನ್ನರನ್ನು ಓದುವ ನಾನೇ ಎರಡು ಸಲ ಓದಬೇಕಾಯಿತು. ನಾಲ್ಕನೆಯ ತರಗತಿಯವರೆಗೆ ಓದಿರುವ ದೊಡ್ಡಮ್ಮ, "ಇದ್ಯಾವ ಶಾಸನ ಮಗ?" ಎಂದಳು. ನನಗೆ ತೋರಿದಂತೆ ಬಿಡಿಸಿ ಹೇಳಿದೆ. "ಹಂಗಾದ್ರೆ ನನಗೆ ಯಾವ ಮಾತ್ರೆ ಸಿಗುತ್ತೆ ಅಂತ ಅವರಿಗೇ ಗೊತ್ತಿಲ್ವ?" ಎಂದು ಅಚ್ಚರಿಪಟ್ಟಳು. ಪಕ್ಕದಲ್ಲಿ ದಾದಿ ಲೇಖನಿ ಹಿಡಿದು ನಿಂತಿದ್ದಳು. ದೊಡ್ಡಮ್ಮ ಸಹಿ ಹಾಕಿದಳು. ಅವಳು ಒಪ್ಪಿ ಹಾಕಿದಳೋ, ದಾದಿಯನ್ನು ಕಾಯಿಸಬಾರದೆಂದು ಹಾಕಿದಳೋ ನನಗೆ ಇನ್ನೂ ತಿಳಿಯದು. ಅಧ್ಯಯನದಿಂದ ಅವಳಿಗೆ ಕೆಡುಕೇನೂ ಆಗಲಿಲ್ಲ. ಆದರೆ ಕೆಡುಕಾಗಲಿಲ್ಲವೆಂಬುದು ಒಪ್ಪಿಗೆಯಲ್ಲ.

ಆಮೇಲೆ ಅವಳಿಗೆ ಒಂದು ಪ್ರಶ್ನಾವಳಿ ಕೊಟ್ಟರು. ಸಂಕಟ 'ಸೌಮ್ಯ'ವೋ, 'ಮಧ್ಯಮ'ವೋ, 'ತೀವ್ರ'ವೋ ಗುರುತು ಹಾಕಬೇಕು. "ಸೌಮ್ಯ ಅಂದ್ರೆ ನಮ್ಮ ಮೇಷ್ಟ್ರ ಮಗಳಲ್ವೇನೋ?" ಎಂದು ಅವಳು ಕೇಳಿದಾಗ ನಾನು ನಕ್ಕುಬಿಟ್ಟೆ. ಈಗ ನಗು ಬರುವುದಿಲ್ಲ. ಆ ಗುರುತುಗಳನ್ನೇ ಕೂಡಿಸಿ ಮುಂದೆ ನೂರಕ್ಕೆ ಇಷ್ಟು ಎಂದು ಅಚ್ಚಾಗುವ ಅಂಕಿಗಳು ಹುಟ್ಟುತ್ತವೆ. ಪದ ತಪ್ಪಾದರೆ ಅಂಕಿಯೂ ತಪ್ಪು.

ಪ್ರಶ್ನೆ ಕೇಳುವುದರಿಂದ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆಂದರೆ ವಾಚಕರಿಗೆ ಆಶ್ಚರ್ಯವಾದೀತು. ನ್ಯೂಯಾರ್ಕಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಶ್ ಎಂಬ ವೈದ್ಯರು ೭೬೬ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ. ಇನ್ನೊಂದು ಗುಂಪಿನವರು ಅದರ ಜೊತೆಗೆ ನೋವು, ಸಂಕಟ, ಸುಸ್ತು ಮೊದಲಾದ ಹನ್ನೆರಡು ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ಗುರುತು ಹಾಕುತ್ತ ಬಂದರು. ಯಾವುದಾದರೂ ಹೆಚ್ಚಾದರೆ ದಾದಿಗೆ ಸುದ್ದಿ ಹೋಗುತ್ತಿತ್ತು. ಹೊಸ ಔಷಧವೇನೂ ಇಲ್ಲ, ಬರಿಯ ಪ್ರಶ್ನೆ. ೨೦೧೭ರಲ್ಲಿ ಪ್ರಕಟವಾದ ಲೆಕ್ಕದಂತೆ, ಮಧ್ಯಾಂಕ ಆಯುಷ್ಯ ವಾಡಿಕೆಯ ಗುಂಪಿಗೆ ೨೬ ತಿಂಗಳು, ಪ್ರಶ್ನೆಯ ಗುಂಪಿಗೆ ೩೧.೨ ತಿಂಗಳು. ಇದನ್ನು ಓದಿದ ದಿನ ನಾನು ಗ್ರಂಥಾಲಯದಲ್ಲಿ ಎದ್ದು ನಿಂತುಬಿಟ್ಟೆ. ಆದರೆ ಸತ್ಯವನ್ನು ಮುಚ್ಚಿಡಬಾರದು. ಅವರೇ ಮುಂದೆ ಅಮೆರಿಕದ ಅನೇಕ ಊರುಗಳ ಚಿಕಿತ್ಸಾಲಯಗಳಲ್ಲಿ ಇನ್ನೂ ದೊಡ್ಡದಾಗಿ ನಡೆಸಿದ ಪ್ರಯೋಗದಲ್ಲಿ ಆಯುಷ್ಯದ ಅಂತರ ಕಾಣಲಿಲ್ಲ. ನರಳಾಟ ತಗ್ಗಿದುದು, ಓಡಾಡುವ ಶಕ್ತಿ ಹೆಚ್ಚು ದಿನ ಉಳಿದುದು, ತುರ್ತು ಚಿಕಿತ್ಸೆಗೆ ಓಡುವ ಸಂದರ್ಭ ಹಿಂದೆ ಸರಿದುದು ಕಂಡಿತು. ನನಗೆ ಅಷ್ಟು ಸಾಕು. ದೊಡ್ಡಮ್ಮನಿಗೂ ಅಷ್ಟು ಸಾಕಾಗಿತ್ತು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಇಂಥ ಪ್ರಶ್ನಾವಳಿಯನ್ನು ತಯಾರಿಸುವಾಗ, ಪದಗಳು ತಿಳಿಯುತ್ತವೆಯೆ ಎಂದು ಮೊದಲು ರೋಗಿಗಳನ್ನೇ ಕೂರಿಸಿಕೊಂಡು ಕೇಳಿದರು. ನಮ್ಮಲ್ಲಿ ಆ ಕೆಲಸವನ್ನು ಯಾರು ಮಾಡಬೇಕು? ಮರಗಟ್ಟುವುದು, ಜೋಮು ಹಿಡಿಯುವುದು, ಜುಮ್ಮೆನ್ನುವುದು ಇವು ಮೂರೂ ಒಂದೇ ಅಲ್ಲ. ಬಳ್ಳಾರಿಯವರು ಹೇಳುವಂತೆ ಮಂಡ್ಯದವರು ಹೇಳುವುದಿಲ್ಲ, ಮಂಗಳೂರಿನವರದು ಇನ್ನೊಂದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಅಂಗಳದಲ್ಲಿ ಒಂದು ಬೆಳಗ್ಗೆ ನಿಂತರೆ ಈ ಎಲ್ಲ ಕನ್ನಡಗಳೂ ಕಿವಿಗೆ ಬೀಳುತ್ತವೆ. ಆ ಮಾತುಗಳ ನಡುವಿನ ಅಂತರವನ್ನು ಬಲ್ಲವರು ವೈದ್ಯರಲ್ಲ, ಭಾಷೆಯನ್ನು ಓದಿದ ನಾವು.

ನಮ್ಮ ಕನ್ನಡ ಸಂಘವು ವರ್ಷಕ್ಕೊಂದು ನಾಟಕ, ಒಂದು ಕವಿಗೋಷ್ಠಿ ನಡೆಸುತ್ತದೆ. ಅವು ಇರಲಿ. ಅವುಗಳ ಜೊತೆಗೆ ಈ ವರ್ಷ ಒಂದು ಒಪ್ಪಿಗೆ ಪತ್ರವನ್ನು ತಿಳಿಗನ್ನಡಕ್ಕೆ ತಂದು, ರೋಗಿಗಳ ಮುಂದೆ ಓದಿ ತಿದ್ದಿ, ಬೇಕೆನ್ನುವ ಆಸ್ಪತ್ರೆಗೆ ಉಚಿತವಾಗಿ ಕೊಡೋಣವೆಂದು ಸೂಚಿಸಿದ್ದೇನೆ. ರನ್ನನ ಮೇಲೆ ಬರೆಯೆಂದ ಅಧ್ಯಾಪಕರೇ ಈಗ ಶನಿವಾರದ ಮಧ್ಯಾಹ್ನ ನಮ್ಮೊಡನೆ ಕುಳಿತುಕೊಳ್ಳುತ್ತಾರೆ. ನಾಲ್ಕು ಶನಿವಾರಗಳಲ್ಲಿ ಎರಡು ಪುಟ ಆಗಿದೆ.

'ಯಾದೃಚ್ಛಿಕವಾಗಿ' ಎಂಬಲ್ಲಿ ನಾವು ಬಹಳ ಹೊತ್ತು ನಿಂತೆವು. 'ಚೀಟಿ ಎತ್ತಿ ಹಂಚುತ್ತಾರೆ' ಎಂದು ಬರೆದು ತೃಪ್ತಿಪಟ್ಟೆವು. ಕಳೆದ ಭಾನುವಾರ ಊರಿಗೆ ಹೋದಾಗ ಅದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಜಗಲಿಯ ಮೇಲೆ ಕುಳಿತು ಕನಕಾಂಬರ ಕಟ್ಟುತ್ತಿದ್ದಳು. ಬೆರಳಿಗೆ ಪೂರ್ತಿ ಸ್ಪರ್ಶ ಬಂದಿಲ್ಲ. ದಾರವನ್ನು ಕಣ್ಣಿನಿಂದ ನೋಡಿ ನೋಡಿ ಗಂಟು ಹಾಕುತ್ತಾಳೆ, ಒಂದು ಮೊಳಕ್ಕೆ ಮುಂಚಿನ ಮೂರರಷ್ಟು ಹೊತ್ತು. ಕೇಳಿ ತಲೆಯಾಡಿಸಿದಳು. "ಚೀಟಿ ಅನ್ಬೇಡ್ರೋ. ಚೀಟಿ ದುಡ್ಡು ಕಟ್ಟಿಸ್ಕೋತಾರೆ ಅನ್ಕೊಂಡು ಎದ್ದು ಹೋಗ್ತಾರೆ ಜನ. ರಾಜ ರಾಣಿ ಅಂತ ಕಾಸು ಚಿಮ್ಮಲ್ವ, ಹಂಗೆ ಅನ್ರಿ." ಚೀಟಿಯನ್ನು ಹೊಡೆದುಹಾಕಿ ಹಾಗೆಯೇ ಬರೆದುಕೊಂಡೆ.